ಚರ್ಮಕ್ಕೆ ಎಣ್ಣೆ ಕುಡಿಸಿದವರ ಚರಿತ್ರೆ

‘ಹದ’ ಎಂಬುದು ಕನ್ನಡದ ಸೊಗಸಾದ ಮಾತುಗಳಲ್ಲೊಂದು. ಮಳೆ ಬಿದ್ದ ಮೇಲೆ ನೆಲಕ್ಕೆ ಹದ ಬಂದಿತೆಂದು ರೈತನು ಹೇಳುತ್ತಾನೆ. ಬೆಲ್ಲದ ಪಾಕಕ್ಕೆ ಹದ ಬಂದಿತೆಂದು ಆಲೆಮನೆಯವನು ಹೇಳುತ್ತಾನೆ. ಹಸಿ ತೊಗಲನ್ನು ಚರ್ಮವಾಗಿಸುವ ಕೆಲಸಕ್ಕೂ ನಮ್ಮ ಹಿರಿಯರು ಇದೇ ಮಾತನ್ನು ಬಳಸಿ ‘ಹದ ಮಾಡುವುದು’ ಎಂದರು. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಆ ಸ್ಥಿತಿಯನ್ನು ಕೈ ಮತ್ತು ಕಣ್ಣುಗಳೇ ಗುರುತಿಸಬೇಕು. ನೆಲದ ಹದ ಬಲ್ಲವನನ್ನು ಸಮಾಜವು ಅನ್ನದಾತನೆಂದು ಹೊಗಳಿತು; ಚರ್ಮದ ಹದ ಬಲ್ಲವನನ್ನು ಊರ ಹೊರಗಿರಿಸಿತು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೈಯಾರೆ ಚರ್ಮದ ಚೀಲ, ಬೆಲ್ಟು, ಪರ್ಸುಗಳನ್ನು ಹೊಲಿಯುವ ಹವ್ಯಾಸ ಬೆಳೆಸಿಕೊಂಡಿದ್ದಾರೆ. ಅವುಗಳಿಗೆ ಯಾವ ಎಣ್ಣೆ ಹಚ್ಚಬೇಕು, ಯಾವ ಮೆರುಗು ಕೊಡಬೇಕು ಎಂಬುದು ಅವರ ಪ್ರಶ್ನೆ. ನಾನು ಚರಿತ್ರೆಯ ಮೇಷ್ಟ್ರಾದ್ದರಿಂದ ಚರಿತ್ರೆಯ ದಾರಿ ಹಿಡಿದೇ ಉತ್ತರಿಸುತ್ತೇನೆ.

ಹಳೆಯ ಕ್ರಮ ಹೀಗಿತ್ತು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲಿಗೆ ಒಗರನ್ನು ಉಣಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಕರಿಜಾಲಿಯ ತೊಗಟೆ ಮತ್ತು ಅಳಲೆಕಾಯಿ, ದಕ್ಷಿಣದ ಬಯಲಿನಲ್ಲಿ ತಂಗಡಿ ಗಿಡದ ತೊಗಟೆ ಇದಕ್ಕೆ ಒದಗುತ್ತಿದ್ದವು. ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯ ಕಷಾಯವನ್ನು ತುಂಬುವ ವಿಧಾನವೂ ಇತ್ತು. ಈ ಒಗರಿನ ಸಾರಕ್ಕೆ ಟ್ಯಾನಿನ್ ಎಂದು ಹೆಸರು. ಅದು ತೊಗಲಿನ ಕೊಲಾಜನ್ ಎಂಬ ನಾರುಗಳೊಡನೆ ಬೆಸೆದುಕೊಂಡು ಕೊಳೆಯುವುದನ್ನು ತಡೆಯುತ್ತದೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ನೀರಾರಿದಂತೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಚರ್ಮವು ಹಲಗೆಯಂತೆ ಸೆಟೆದುಕೊಳ್ಳುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ. ಎಣ್ಣೆಗೆ ಕೆಲಸವಿರುವುದು ಇಲ್ಲಿ. ಚರ್ಮವು ಇನ್ನೂ ತುಸು ತೇವವಾಗಿರುವಾಗಲೇ ಹಚ್ಚಿದರೆ, ನೀರು ಹೊರಟುಹೋದ ಜಾಗಕ್ಕೆ ಎಣ್ಣೆಯು ಮೆಲ್ಲನೆ ಇಳಿದು ನಾರುಗಳ ನಡುವೆ ನೆಲೆಸುತ್ತದೆ. ‘ಎಣ್ಣೆ ಕುಡಿಸುವುದು’ ಎಂಬ ಮಾತು ಎಷ್ಟು ಯಥಾರ್ಥವೆಂಬುದನ್ನು ಗಮನಿಸಿ.

ಪಂಪುಸೆಟ್ಟುಗಳು ಬರುವ ಮುನ್ನ ನಮ್ಮ ಬೇಸಾಯವೇ ಈ ವಿದ್ಯೆಯನ್ನು ನಂಬಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ, ನೊಗಕ್ಕೆ ಬಿಗಿಯುವ ಮಿಣಿ, ಬಾರುಕೋಲಿನ ಬಾರು, ಕಾಲಿನ ಮೆಟ್ಟು, ಎಲ್ಲವೂ ಚರ್ಮವೇ. ದಿನವೂ ನೀರಿನಲ್ಲಿ ನೆನೆದು ಬಿಸಿಲಿನಲ್ಲಿ ಒಣಗುವ ಚೀಲವು ಎಣ್ಣೆ ಕಾಣದಿದ್ದರೆ ಬಹುಕಾಲ ಬಾಳದು. ಹೊಂಗೆ, ಎಳ್ಳು, ಹರಳು, ಶೇಂಗಾ, ಹೀಗೆ ಯಾವ ಎಣ್ಣೆ ಸೀಮೆಯಲ್ಲಿ ಸಿಗುತ್ತಿತ್ತೋ ಅದು ಚರ್ಮದ ಕೆಲಸಕ್ಕೂ ಬಂದಿತು. ತಣ್ಣನೆಯ ಯುರೋಪಿನಲ್ಲಿ ಕಾಡ್ ಮೀನಿನ ಎಣ್ಣೆ, ಪ್ರಾಣಿಗಳ ಕೊಬ್ಬು, ದನದ ಕಾಲುಮೂಳೆಯಿಂದ ತೆಗೆದ ಎಣ್ಣೆ ಅದೇ ಕೆಲಸವನ್ನು ಮಾಡಿದವು.

ಎಲ್ಲ ಎಣ್ಣೆಗಳ ಗುಣವೂ ಒಂದೇ ಅಲ್ಲ. ಅಗಸೆ ಎಣ್ಣೆಯು ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಈ ಗುಣವನ್ನೇ ಬಳಸಿ, ಕಾಯಿಸಿದ ಅಗಸೆ ಎಣ್ಣೆಯನ್ನು ಪದರಪದರವಾಗಿ ಬಳಿದು ಕನ್ನಡಿಯಂತೆ ಹೊಳೆಯುವ ‘ಪೇಟೆಂಟ್ ಲೆದರ್’ ಮಾಡುತ್ತಿದ್ದರು. ಹರಳೆಣ್ಣೆ ಹಾಗೆ ಒಣಗುವುದಿಲ್ಲ. ಅದು ಮೆದುವಾಗಿಯೇ ಉಳಿಯುತ್ತದೆ. ಮೊದಲನೆಯದು ಮೇಲೆ ನಿಲ್ಲುವ ಮೆರುಗು, ಎರಡನೆಯದು ಒಳಗಿಳಿಯುವ ಪೋಷಣೆ.

ಈ ಭೇದದಲ್ಲಿಯೇ ಒಂದು ಆರ್ಥಿಕ ಚರಿತ್ರೆಯೂ ಅಡಗಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ತಂಗಡಿ ತೊಗಟೆಯಿಂದ ಹದಗೊಂಡ ಚರ್ಮವು ಮದರಾಸು ಬಂದರಿನಿಂದ ಲಂಡನ್ನಿಗೆ ಹೋಗುತ್ತಿತ್ತು. ಅದಕ್ಕೆ ‘ಈಸ್ಟ್ ಇಂಡಿಯಾ’ ಚರ್ಮವೆಂದು ಹೆಸರು. ಆದರೆ ಅದು ಅರ್ಧ ಮುಗಿದ ಸರಕು. ಬಣ್ಣ, ಮೆರುಗು ಮತ್ತು ಅಂತಿಮ ರೂಪವನ್ನು ಅಲ್ಲಿನ ಕಾರ್ಖಾನೆಗಳು ಕೊಡುತ್ತಿದ್ದವು. ದುರ್ವಾಸನೆಯ ಕೆಲಸ ಇಲ್ಲಿ, ಹೊಳಪಿನ ಕೆಲಸ ಅಲ್ಲಿ. ಬೆಲೆ ಏರುತ್ತಿದ್ದುದು ಹೊಳಪಿನ ಹಂತದಲ್ಲಿ. ಸ್ವಾತಂತ್ರ್ಯಾನಂತರವೂ ಇದು ಬಹುಕಾಲ ಮುಂದುವರಿಯಿತು. 1972ರ ಸೀತಾರಾಮಯ್ಯ ಸಮಿತಿಯ ಶಿಫಾರಸಿನ ಮೇಲೆ ಭಾರತ ಸರ್ಕಾರವು 1973ರಿಂದ ಅರೆಸಿದ್ಧ ಚರ್ಮದ ರಫ್ತಿಗೆ ಮಿತಿ ಹಾಕಿ, ಪೂರ್ಣಗೊಂಡ ಸರಕಿಗೆ ಉತ್ತೇಜನ ನೀಡಿತು.

ನಮ್ಮ ಚರ್ಮವೆಲ್ಲ ನಿರ್ದೋಷವಾಗಿತ್ತೆಂದು ಹೇಳಲಾರೆ. ಹಳೆಯ ಗ್ರಂಥಾಲಯಗಳಲ್ಲಿ ಮುಟ್ಟಿದೊಡನೆ ಕೈಗೆ ಕೆಂಪು ಪುಡಿ ಅಂಟಿಸುವ ಪುಸ್ತಕದ ರಟ್ಟುಗಳನ್ನು ನೀವು ಕಂಡಿರಬಹುದು. ಇದರ ಕಾರಣಗಳನ್ನು ಶೋಧಿಸಿದ ಲಂಡನ್ನಿನ ಕಲಾ ಸಂಘದ ಸಮಿತಿಯ ವರದಿ 1905ರಲ್ಲಿ ಪ್ರಕಟವಾಯಿತು. ಬಣ್ಣ ಹಾಕುವಾಗ ಬಳಸಿದ ಗಂಧಕಾಮ್ಲ, ಗ್ಯಾಸ್ ದೀಪದ ಹೊಗೆ, ಇವುಗಳೊಡನೆ ತಂಗಡಿಯಂಥ ಕೆಲವು ತೊಗಟೆಗಳ ಟ್ಯಾನಿನ್ನನ್ನೂ ಅದು ಹೊಣೆ ಮಾಡಿತು. ಬಳಿಕ ಅನೇಕ ಗ್ರಂಥಾಲಯಗಳು ರಟ್ಟುಗಳಿಗೆ ಎಣ್ಣೆ, ಮೇಣಗಳನ್ನು ತಪ್ಪದೆ ಹಚ್ಚಿದವು. ಆದರೆ ಆಮ್ಲದಿಂದಾದ ಕ್ಷಯಕ್ಕೆ ಎಣ್ಣೆ ಔಷಧವಲ್ಲ. ಅತಿಯಾದರೆ ಕಲೆ ಬೀಳುತ್ತದೆ, ಧೂಳು ಅಂಟುತ್ತದೆ. ಇಂದಿನ ಸಂರಕ್ಷಕರು ಆ ರೂಢಿಯನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ಅಷ್ಟರಲ್ಲಿ ಹದ ಮಾಡುವ ರೀತಿಯೇ ಬದಲಾಗುತ್ತಿತ್ತು. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕಿಳಿಯಿತು. 20ನೆಯ ಶತಮಾನದ ಆರಂಭದಲ್ಲಿ ಇದನ್ನು ಮದರಾಸಿಗೆ ತಂದವರು ಆಲ್ಫ್ರೆಡ್ ಚಾಟರ್ಟನ್. ನೀರಿಗೆ ಜಗ್ಗದ ಈ ಚರ್ಮವು ಕಪಿಲೆಯ ಚೀಲಕ್ಕೆ ಒಳ್ಳೆಯದೆಂಬುದು ಅವರ ಲೆಕ್ಕಾಚಾರವಾಗಿತ್ತು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರೂ ಇವರೇ. ಕ್ರೋಮ್ ಚರ್ಮಕ್ಕೂ ಎಣ್ಣೆ ಬೇಕೇ ಬೇಕು. ಆದರೆ ಅದನ್ನು ನೀರಿನೊಡನೆ ಬೆರೆಯುವಂತೆ ಮಾಡಿ, ತಿರುಗುವ ಪೀಪಾಯಿಯಲ್ಲಿ ಉಣಿಸುತ್ತಾರೆ. ಮೇಲಿನ ಮೆರುಗಾಗಿ ಹಿಂದೆ ಅರಗು, ಹಾಲಿನ ಕೇಸಿನ್, ಮೊಟ್ಟೆಯ ಬಿಳಿ ಬಳಕೆಯಲ್ಲಿದ್ದವು. ಆಮೇಲೆ ನೈಟ್ರೋಸೆಲ್ಯುಲೋಸ್, ಅಕ್ರಿಲಿಕ್, ಪಾಲಿಯುರಿಥೇನ್ ಬಂದವು. ದಪ್ಪ ಪ್ಲಾಸ್ಟಿಕ್ ಪೊರೆಯ ಕೆಳಗೆ ಎಂಥ ಚರ್ಮವಿದೆಯೆಂದು ಕೊಳ್ಳುವವನಿಗೆ ತಿಳಿಯದು.

ಅಥಣಿ, ನಿಪ್ಪಾಣಿಗಳ ಕಡೆಯ ಕೊಲ್ಹಾಪುರಿ ಚಪ್ಪಲಿಯಲ್ಲಿ ಹೀಗೆ ಮರೆಮಾಚುವುದು ಸಾಧ್ಯವಿಲ್ಲ. ತೊಗಟೆಯ ಹದ, ಚರ್ಮದ ಎಳೆಯಲ್ಲೇ ಹೊಲಿಗೆ, ಎಣ್ಣೆಯಿಂದ ಬಂದ ಮೃದುತ್ವ, ಎಲ್ಲವೂ ಬಯಲಾಗಿಯೇ ಕಾಣುತ್ತವೆ. ಹೆಸರು ಕೊಲ್ಹಾಪುರದ್ದಾದರೂ, 2019ರಲ್ಲಿ ಸುದ್ದಿಯಾದ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಇದೇ ಬಗೆಯ ಚಪ್ಪಲಿಯನ್ನು ಮಿಲಾನ್ ನಗರದಲ್ಲಿ ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಆಕ್ಷೇಪಣೆಗಳು ಬಂದ ಬಳಿಕ ಭಾರತೀಯ ಮೂಲವನ್ನು ಒಪ್ಪಿಕೊಂಡು, ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಲಂಡನ್ನಿನ ಹಳೆಯ ಕಥೆ ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಈ ಸಲ ಪ್ರಶ್ನೆ ಕೇಳುವವರಿದ್ದರು ಎಂಬುದಷ್ಟೇ ಹೊಸತು.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ. ತೊಗಟೆಯಲ್ಲಿ ಹದಗೊಂಡ ಚರ್ಮವಾದರೆ ಮೊದಲು ಒಂದು ಚೂರಿನ ಮೇಲೆ ಪರೀಕ್ಷಿಸಿ; ಎಣ್ಣೆಯಿಂದ ಬಣ್ಣ ಗಾಢವಾಗುತ್ತದೆ. ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಹಚ್ಚಿ, ಒಂದು ದಿನ ನೆರಳಿನಲ್ಲಿ ಬಿಟ್ಟು, ಬೇಕೆನಿಸಿದರೆ ಮಾತ್ರ ಇನ್ನೊಮ್ಮೆ ಹಚ್ಚಿ. ಮಡಚುವ ಭಾಗಕ್ಕೆ ಅಗಸೆ ಎಣ್ಣೆ ಬೇಡ. ಅಡುಗೆಮನೆಯ ಎಣ್ಣೆ ಅತಿಯಾದರೆ ಕಮಟು ವಾಸನೆ ಬರುವುದುಂಟು. ಎಣ್ಣೆ ಇಂಗಿದ ಮೇಲೆ ತುಸು ಜೇನುಮೇಣ ಉಜ್ಜಿದರೆ ಮೆರುಗಿಗೆ ಅಷ್ಟು ಸಾಕು. ಪ್ಲಾಸ್ಟಿಕ್ ಪೊರೆಯ ಚರ್ಮಕ್ಕೆ ಎಣ್ಣೆ ಇಳಿಯದು. ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮುಂತಾದವರ ಕಾಯಕದ ಹೆಸರನ್ನು ಅವರ ಹೆಸರಿನೊಡನೆ ಗೌರವದಿಂದ ಉಳಿಸಿಕೊಂಡಿದ್ದು ಶರಣ ಪರಂಪರೆ. ಅವರ ನಂತರ ಈ ವಿದ್ಯೆಯನ್ನು ತಲೆಮಾರುಗಳ ಕಾಲ ಸಾಗಿಸಿದ ಅಸಂಖ್ಯಾತರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಮುಂದಿನ ಬಾರಿ ನೀವು ಅಥಣಿಯ ಚಪ್ಪಲಿ ಕೊಳ್ಳುವಾಗ, ಮಾಡಿದವರು ಯಾರೆಂದು ವಿಚಾರಿಸಿ, ಯಾವ ಎಣ್ಣೆ ಹಾಕಿದ್ದೀರೆಂದು ಕೇಳಿ, ಚೌಕಾಸಿ ಮಾಡದೆ ಬೆಲೆ ಕೊಡಿರಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡರೆ ಅದೂ ಚರಿತ್ರೆಯೇ.