ಬಹುಮತವನ್ನು ಎಣಿಸುವ ಸ್ಥಳ: ಬೊಮ್ಮಾಯಿ ಪ್ರಕರಣ

ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿ ಕರ್ನಾಟಕ ಭವನವಿದೆ. ರಾಜ್ಯದ ಸಪ್ತಾಂಗಗಳಲ್ಲಿ ಸ್ವಾಮಿಗೆ ಮೊದಲ ಸ್ಥಾನವಿತ್ತವನು ಕೌಟಿಲ್ಯ. ಪ್ರಜಾಸತ್ತೆಯಲ್ಲಿ ಆ ಸ್ವಾಮಿ ಯಾರೆಂಬ ಪ್ರಶ್ನೆಯನ್ನು ಕರ್ನಾಟಕದ ಪ್ರಕರಣವೊಂದು ಸರ್ವೋಚ್ಚ ನ್ಯಾಯಾಲಯದ ಮುಂದಿರಿಸಿದುದು ಗಮನಾರ್ಹ.

1989ರ ಏಪ್ರಿಲ್ 19ರಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು, 19 ಶಾಸಕರ ಹೆಸರಿನಲ್ಲಿ ಬಂದ ಪತ್ರಗಳನ್ನು ಆಧರಿಸಿ, ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಬಹುಮತ ಕಳೆದುಕೊಂಡಿದೆಯೆಂದು ರಾಷ್ಟ್ರಪತಿಗಳಿಗೆ ವರದಿ ಮಾಡಿದರು. ಮರುದಿನವೇ ಆ ಶಾಸಕರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿತ್ತೆಂದು ಬರೆದುಕೊಟ್ಟರು. 27ರಂದು ವಿಧಾನಸಭೆ ಸೇರಿಸಿ ಬಲ ತೋರಿಸಲು ಮಂತ್ರಿಮಂಡಲ ಸಿದ್ಧವಿತ್ತು. ಆದರೂ 21ರಂದು 356ನೆಯ ವಿಧಿಯನ್ವಯ ಸರ್ಕಾರ ವಜಾಗೊಂಡು ವಿಧಾನಸಭೆ ವಿಸರ್ಜಿತವಾಯಿತು. ಉಚ್ಚ ನ್ಯಾಯಾಲಯ ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು.

ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತದ್ದು 1994ರ ಮಾರ್ಚ್ 11ರಂದು. ಬಹುಮತದ ಪರೀಕ್ಷೆ ನಡೆಯತಕ್ಕದ್ದು ಸದನದಲ್ಲಿ, ರಾಜ್ಯಪಾಲರ ಅಭಿಪ್ರಾಯದಲ್ಲಲ್ಲ. ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟುದು. ಸಂಸತ್ತಿನ ಎರಡೂ ಸದನಗಳ ಒಪ್ಪಿಗೆಗೆ ಮುನ್ನ ವಿಧಾನಸಭೆಯನ್ನು ವಿಸರ್ಜಿಸಕೂಡದು.

ಈ ತೀರ್ಪನ್ನು ಕೇಂದ್ರ-ರಾಜ್ಯ ಸಂಬಂಧಗಳ ಅಧ್ಯಾಯದಲ್ಲಿ ಓದುವುದು ವಾಡಿಕೆ. ಆ ಓದು ಅಪೂರ್ಣವೆಂದೇ ನನ್ನ ಅಭಿಪ್ರಾಯ. ಮತದಾರನು ಆರಿಸಿದ ಸಭೆಯನ್ನು ಕೆಲವು ಪತ್ರಗಳ ಬಲದಿಂದ ಅಳಿಸಬಹುದಾದರೆ ಅವನ ಮತದ ಹಕ್ಕಿಗೆ ಉಳಿಯುವುದೇನು? ತೀರ್ಪು ಆಶ್ರಯಿಸಿದ ಸಂವಿಧಾನದ ‘ಮೂಲಸ್ವರೂಪ’ದ ತತ್ತ್ವವಾದರೂ 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ ಮೂಡಿದ್ದು, ಕನ್ನಡ ಪ್ರದೇಶದ ನಂಟು ಇಲ್ಲಿ ಇಮ್ಮಡಿಯದು.

ಮೇಘಾಲಯ, ನಾಗಾಲ್ಯಾಂಡ್‌ಗಳೊಂದಿಗೆ ಕರ್ನಾಟಕದ ವಜಾ ಕ್ರಮವೂ ಅಸಾಂವಿಧಾನಿಕವೆಂದು ನಿರ್ಣಯವಾಯಿತು. ಆದರೆ 1989ರ ನವೆಂಬರಿನಲ್ಲಿಯೇ ಚುನಾವಣೆ ನಡೆದುಹೋಗಿದ್ದುದರಿಂದ ಬೊಮ್ಮಾಯಿಯವರಿಗೆ ಪರಿಹಾರವಾವುದೂ ದೊರೆಯಲಿಲ್ಲ.