ಗಡಿಯಾಚೆಯ ಪಾಸ್‌ಬುಕ್ಕು

ಮೃತ ಪತಿಯ ಹೆಸರಿನಲ್ಲಿ ಹೊರರಾಜ್ಯದ ಬ್ಯಾಂಕಿನಲ್ಲಿ ಉಳಿದ ಸಣ್ಣ ಮೊತ್ತವನ್ನು ಬಿಡಿಸಿಕೊಳ್ಳಲು ಮೈಸೂರು ರಸ್ತೆಯ ಬಾಪೂಜಿ ನಗರದ ವಿಧವೆಯೊಬ್ಬಳು ಇಂದು ಹೊಂದಿಸಬೇಕಾದ ಕಾಗದಪತ್ರಗಳಿಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಚರಿತ್ರೆಯಿದ್ದು, ಅದರುದ್ದಕ್ಕೂ ಕಾನೂನು ಮೊದಲು ಕಾಪಾಡಲು ಹೊರಟದ್ದು ಹಣ ಪಡೆಯುವವಳನ್ನಲ್ಲ, ಕೊಡುವವನನ್ನು. ಬ್ಯಾಂಕಿನ ಠೇವಣಿಯೆಂದರೆ ಕಾನೂನಿನ ಕಣ್ಣಿಗೆ ಬ್ಯಾಂಕು ಗ್ರಾಹಕನಿಗೆ ತೀರಿಸಬೇಕಾದ ಸಾಲವೇ ಆದ್ದರಿಂದ, ಒಬ್ಬ ವಾರಸುದಾರನಿಗೆ ಕೊಟ್ಟ ಮೇಲೆ ಇನ್ನೊಬ್ಬ ಬಂದು ಕೇಳಿದರೆ ಎರಡನೆಯ ಸಲ ತೆರಬೇಕಾದೀತೆಂಬ ಭಯ ಸಹಜವಾಗಿತ್ತು. ವಾರಸುದಾರರಿಗೆ ವಸೂಲಿಯ ಸರ್ಟಿಫಿಕೇಟು ಕೊಡಿಸಿದ 1860ರ ಕಾಯ್ದೆಯು ಹಣ ತೆತ್ತವರ ಭದ್ರತೆಯನ್ನೂ ತನ್ನ ಉದ್ದೇಶವೆಂದು ಶೀರ್ಷಿಕೆಯಲ್ಲೇ ಸಾರಿತ್ತು. ನ್ಯಾಯಾಲಯವು ನೀಡುವ ಈ ಪತ್ರವೇ 1889ರ ಕಾಯ್ದೆಯ ಮೂಲಕ ಸಕ್ಸೆಷನ್ ಸರ್ಟಿಫಿಕೇಟ್ ಎಂಬ ಹೆಸರು ಪಡೆದು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ನೆಲೆಯಾಯಿತು.

ಸಣ್ಣ ಮೊತ್ತಕ್ಕೆ ಕೋರ್ಟಿನ ಖರ್ಚು ಹೊರೆಯೆಂಬ ಅರಿವು ಸರ್ಕಾರಕ್ಕೆ ಬೇಗನೆ ಬಂದಿತ್ತು. 1873ರ ಸರ್ಕಾರಿ ಉಳಿತಾಯ ಬ್ಯಾಂಕುಗಳ ಕಾಯ್ದೆಯ ಪ್ರಕಾರ, ಠೇವಣಿದಾರ ಸತ್ತು ಮೂರು ತಿಂಗಳೊಳಗೆ ಕೋರ್ಟಿನ ಪತ್ರ ಬಾರದಿದ್ದರೆ, ಗೊತ್ತುಪಡಿಸಿದ ಮಿತಿಯೊಳಗಿನ ಹಣವನ್ನು ಹಕ್ಕುದಾರರೆಂದು ತನಗೆ ತೋರಿದವರಿಗೆ ಅಧಿಕಾರಿಯೇ ಕೊಡಬಹುದಿತ್ತು. ಇಂಥ ವಿನಾಯಿತಿ ವಾಣಿಜ್ಯ ಬ್ಯಾಂಕುಗಳಿಗೆ ದಕ್ಕದ ಕಾರಣ, ಅವು ಜಾಮೀನುದಾರರ ಸಹಿಯುಳ್ಳ ಇಂಡೆಮ್ನಿಟಿ ಬಾಂಡಿನ, ಅಂದರೆ ಮುಂದೆ ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆಯ, ಮೊರೆಹೊಕ್ಕವು.

ಹೊರರಾಜ್ಯವೆಂಬ ತೊಡಕು ಒಂದು ಕಾಲಕ್ಕೆ ಬೆಂಗಳೂರಿನ ಒಳಗೇ ಇತ್ತು. ಇಂದಿನ ಬಾಪೂಜಿ ನಗರವಿರುವ ಪಶ್ಚಿಮದ ನೆಲ ಮೈಸೂರು ಸಂಸ್ಥಾನದ್ದಾಗಿದ್ದರೆ, ಪೂರ್ವದ ದಂಡು ಪ್ರದೇಶವು 1881ರಿಂದ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. 1889ರ ಕಾಯ್ದೆ ಬ್ರಿಟಿಷ್ ಭಾರತದ ಕಾಯ್ದೆಯಾಗಿದ್ದು, ಮೈಸೂರಿನ ಕೋರ್ಟು ಕೊಟ್ಟ ಪತ್ರಕ್ಕೆ ಗಡಿ ದಾಟಿದ ಕೂಡಲೇ ಅಂಥ ಬಲವಿರಲಿಲ್ಲ. ಹಾಗೆಂದು ಸಂಸ್ಥಾನ ಹಿಂದುಳಿದಿತ್ತೆನ್ನಲಾಗದು: ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆಯನ್ನು ಅದು 1933ರಲ್ಲೇ ತಂದಿತು, ಬ್ರಿಟಿಷ್ ಭಾರತದ ವಿಧವೆ 1937ರವರೆಗೆ ಕಾಯಬೇಕಾಯಿತು. ಈಗ ಸರ್ಟಿಫಿಕೇಟು ಭಾರತದಾದ್ಯಂತ ಸಲ್ಲುತ್ತದೆ. ಗಂಡ ಸಾಯುವಾಗ ಬೆಂಗಳೂರಿನಲ್ಲಿ ವಾಸವಿದ್ದನಾದರೆ ಆಂಧ್ರದ ಹಿಂದೂಪುರದ ಖಾತೆಗಾಗಿ ಅಲ್ಲಿನ ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ, ಇದು ಅನೇಕರಿಗೆ ತಿಳಿದಿರುವುದಿಲ್ಲ ಅಷ್ಟೆ.

ಬ್ಯಾಂಕುಗಳಲ್ಲಿ ನಾಮನಿರ್ದೇಶನ, ಅಂದರೆ ಖಾತೆದಾರನೇ ಬದುಕಿದ್ದಾಗ ನಾಮಿನಿಯನ್ನು ಹೆಸರಿಸಿಡುವ ಕ್ರಮ, 1985ರ ನಿಯಮಗಳೊಂದಿಗೆ ಜಾರಿಗೆ ಬಂತು. ನಾಮಿನಿಯಿಲ್ಲದ ಖಾತೆಗಳಿಗೂ ವಾಣಿಜ್ಯ ಬ್ಯಾಂಕುಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿವರೆಗೆ ಕೋರ್ಟಿನ ಪತ್ರ ಕೇಳದ ಸರಳ ಕ್ರಮವನ್ನು, ದಾಖಲೆ ಪೂರ್ಣವಾದ 15 ದಿನಗಳ ಗಡುವಿನೊಡನೆ, ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ವಿಧಿಸಿತು.

ಆದರೆ 'ದಾಖಲೆ ಪೂರ್ಣ' ಎಂಬ ಎರಡು ಪದಗಳಲ್ಲೇ ತಿಂಗಳುಗಳು ಕಳೆಯುತ್ತವೆ. ಹಳೆಯ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಗಂಡನ ಹೆಸರಿನ ಹಿಂದೆ ಒಂದೇ ಒಂದು ಇನಿಷಿಯಲ್ ಇದ್ದರೆ, ಮರಣ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಪೂರ್ತಿ ಬಿಡಿಸಿಕೊಂಡಿರುತ್ತದೆ, ಆಧಾರ್‌ನಲ್ಲಿ ಅದೇ ಹೆಸರು ಹಿಂದುಮುಂದಾಗಿರುತ್ತದೆ. ಮೂವರೂ ಒಬ್ಬನೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕು. ನಾಡಕಚೇರಿಯ ವಂಶವೃಕ್ಷ, ಅಂದರೆ ಕುಟುಂಬದವರ ಸಂಬಂಧ ತೋರಿಸುವ ಪಟ್ಟಿ, ಕನ್ನಡದಲ್ಲಿದ್ದರೆ ಆಚೆಯ ಶಾಖೆಗೆ ಅನುವಾದ ಬೇಕಾಗುತ್ತದೆ. ಪಾಸ್‌ಬುಕ್ಕಿನ ಮೇಲೆ ಆಂಧ್ರ ಬ್ಯಾಂಕ್ ಎಂದಿದ್ದರೆ ಆ ಫಲಕವೇ 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋಗಿದೆ. ಹತ್ತು ವರ್ಷ ಮುಟ್ಟದ ಖಾತೆಯ ಹಣ 2014ರಿಂದೀಚೆಗೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದಾದರೂ ಹಕ್ಕು ಅಳಿಯುವುದಿಲ್ಲ. ಅಂಥ ಖಾತೆಗಳನ್ನು ಹುಡುಕಲು 2023ರಲ್ಲಿ ಉದ್ಗಮ್ ಎಂಬ ಜಾಲತಾಣ ಬಂದಿದೆ.

ಹಣ ಕೈಸೇರಿದ ಮೇಲೂ ಅದು ಪೂರ್ತಿ ಅವಳದೆಂದಲ್ಲ. ನಾಮಿನಿ ಪಡೆಯುವ ಕೈಯೇ ಹೊರತು ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಬ್ಯಾಂಕ್ ಖಾತೆಗೂ ಅನ್ವಯಿಸಿ ಹೇಳಿದೆ. ಮೃತನು ಉಯಿಲು ಬರೆದಿಡದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹಿಂದೂ ವಿಧವೆಯದು ಮಕ್ಕಳೊಂದಿಗೂ ಅತ್ತೆಯೊಂದಿಗೂ ಸಮಪಾಲು. ಅದೇ ಬೀದಿಯ ಮುಸ್ಲಿಂ ವಿಧವೆಗೆ ಮಕ್ಕಳಿದ್ದರೆ ಎಂಟನೆಯ ಒಂದು. ಆ ಹಂಚಿಕೆ ಮನೆಯೊಳಗಿನ ಮಾತು, ಬ್ಯಾಂಕಿಗೆ ಸಂಬಂಧಿಸಿದ್ದಲ್ಲ.