ಸಂತಿ ಮಾತು, ಒಲಿ ಮಾತು

ಭಾಗ 1/8: ಎರಡು ಥರದ ಮಾತು

ನೋಡ್ರಿ, ಬೋರಗಾಂವದಾಗ ಬೆಳೆದವರಿಗೆ ಇನ್ನೊಂದು ಭಾಷೆ ಅಂದ್ರೆ ಅಂಜಿಕಿ ಇಲ್ಲ. ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಾಜೂ ಮನಿಯಲ್ಲಿ ಉರ್ದು, ಮೊಬೈಲಿನಲ್ಲಿ ಹಿಂದಿ. ಇಚಲಕರಂಜಿ ಬಸ್ ಹತ್ತಿದರೆ ಒಂದು ನಾಲಿಗೆ, ಚಿಕ್ಕೋಡಿ ಬಸ್ ಹತ್ತಿದರೆ ಇನ್ನೊಂದು. ಕಲಿಸಿದವರು ಯಾರು ಅಂತ ಕೇಳಿದ್ರೆ ಯಾರೂ ಇಲ್ಲ.

ಆದ್ರೆ ನಿಮಗೊಂದು ಸಣ್ಣ ಪರೀಕ್ಷೆ. ನಿಮಗೆ ಬರೋ ಎರಡನೆಯ ಭಾಷೆಯಲ್ಲಿ ತರಕಾರಿ ರೇಟು ಕೇಳ್ರಿ. ಸಲೀಸು. ಅದೇ ಭಾಷೆಯಲ್ಲಿ ಜ್ವರ ಬಂದು ಮಲಗಿದ ಅಜ್ಜಿಗೆ ಸಮಾಧಾನ ಹೇಳ್ರಿ. ಮುನಿಸಿಕೊಂಡ ಮಗುವಿಗೆ ಇನ್ನೊಂದು ತುತ್ತು ತಿನ್ನಿಸ್ರಿ. ಈಗ ನಾಲಿಗೆ ತಡವರಿಸ್ತದ, ಹೌದಲ್ಲ?

ಮೊದಲನೆಯದು ಸಂತಿ ಮಾತು, ಎರಡನೆಯದು ಒಲಿ ಮಾತು. ಸಂತಿ ಮಾತನ್ನು ಓಡಾಡಿ ಕಲಿಯಬಹುದು. ಒಲಿ ಮಾತು ಕಲಿಯಬೇಕಂದ್ರೆ ಯಾರಾದರೂ ನಿಮ್ಮನ್ನು ಮನಿಯೊಳಗ ಕರೀಬೇಕು. ಪರದೇಶಕ್ಕೆ ಭಾಷೆ ಕಲಿಯಲು ಹೋಗುವ ಹುಡುಗರು ಅಲ್ಲಿಯ ಒಂದು ಕುಟುಂಬದ ಜೊತೆ ಉಳಿಯೋದು ಇದಕ್ಕೇ. ಅದಕ್ಕೆ ಹೋಸ್ಟ್ ಫ್ಯಾಮಿಲಿ ಅಂತಾರೆ. ಹೆಸರು ಹೊಸದು, ಪದ್ಧತಿ ಹಳೆಯದು. ನಮ್ಮ ಗಡಿನಾಡಿನಲ್ಲಂತೂ ಅದಕ್ಕೆ ದೊಡ್ಡ ಇತಿಹಾಸ ಇದೆ. ಈ ಸರಣಿಯಲ್ಲಿ ಒಂದೇ ಪ್ರಶ್ನೆ: ಯಾರು ಯಾರನ್ನು ಒಲಿ ತನಕ ಬಿಟ್ಟುಕೊಂಡರು?

ಭಾಗ 2/8: ಈಗ ಹೋಗುವವರ ಕಥೆ

ಇವತ್ತಿನಿಂದ ಶುರು ಮಾಡೋಣ. ಜರ್ಮನ್ ಕಲಿಯುವ ಹುಡುಗ ಹುಡುಗಿಯರು ನಮ್ಮ ಕಡೆಯಿಂದ ಹೆಚ್ಚಾಗಿ ಪುಣೆ ಇಲ್ಲ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗ್ತಾರೆ. ಮುಂದೆ ಜರ್ಮನಿಯಲ್ಲಿ ಒಂದು ಕುಟುಂಬದ ಜೊತೆ ಇರಬೇಕಂದ್ರೆ 'ಓ ಪೇರ್' ಅನ್ನುವ ದಾರಿ ಇದೆ. ಹೆಚ್ಚಂದ್ರೆ ಒಂದು ವರ್ಷ ಆ ಮನೆಯಲ್ಲಿ ಉಳಿದು, ಮಕ್ಕಳನ್ನು ನೋಡಿಕೊಳ್ಳೋದು, ಸಣ್ಣಪುಟ್ಟ ಮನೆಗೆಲಸ ಮಾಡೋದು. ವಾರಕ್ಕೆ 30 ತಾಸಿಗಿಂತ ಹೆಚ್ಚು ಕೆಲಸ ಹೇಳುವಂತಿಲ್ಲ. ಊಟ, ಕೋಣೆ, ಕೈಖರ್ಚು ಆ ಮನೆಯವರದು. ಹೋಗುವ ಮೊದಲೇ ಎ1 ಮಟ್ಟದ ಭಾಷೆ ಬರಬೇಕು.

ಎ1 ಅಂದ್ರೆ ಪಕ್ಕಾ ಸಂತಿ ಮಾತು. ಹೆಸರು, ಊರು, ರೇಟು, ವೇಳೆ. ಉಳಿದದ್ದು ಮನಿ ಕಲಿಸ್ತದ. ಮೊದಲ ಪಾಠ ಕಸದ್ದು: ಕಾಗದ ಬೇರೆ, ಪ್ಯಾಕಿಂಗ್ ಪ್ಲಾಸ್ಟಿಕ್ ಬೇರೆ, ಅಡಿಗೆ ಕಸ ಬೇರೆ, ಒಂದೊಂದಕ್ಕೂ ಒಂದೊಂದು ಡಬ್ಬಿ. ಎರಡನೆಯದು ರಾತ್ರಿ ಊಟದ್ದು. ಎಷ್ಟೋ ಮನೆಗಳಲ್ಲಿ ಅದು ಬಿಸಿ ಊಟವೇ ಅಲ್ಲ. ಬ್ರೆಡ್, ಚೀಸ್, ಸೌತೆಕಾಯಿ. ಅದರ ಹೆಸರೇ 'ಆಬೆಂಡ್‌ಬ್ರೋಟ್', ಅಂದ್ರೆ ಸಂಜಿ ಬ್ರೆಡ್. ಬಿಸಿ ರೊಟ್ಟಿ ಮಂದಿಗೆ ಈ ಒಂದು ಶಬ್ದ ಅರಗಿಸಿಕೊಳ್ಳಲಿಕ್ಕೇ ತಿಂಗಳು ಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಮ್ಮ 'ನೀ' ಮತ್ತು 'ನೀವು' ಹಂಗ ಅವರಲ್ಲಿ 'ದು' ಮತ್ತು 'ಜೀ' ಇವೆ. ದೊಡ್ಡವರಿಗೆ, ಅಪರಿಚಿತರಿಗೆ 'ಜೀ'. ಹಿರಿಯರು ತಾವಾಗಿ "ನನಗ 'ದು' ಅನ್ನು" ಅಂದಾಗ ಒಂದು ಬಾಗಿಲು ತೆರೀತದ. ಅದು ಪುಸ್ತಕದ ವ್ಯಾಕರಣ ಅಲ್ಲ, ಮನೆಯವರು ಕೊಡುವ ಒಪ್ಪಿಗೆ.

ಭಾಗ 3/8: ಅಲ್ಲಿಂದ ಇಲ್ಲಿಗೆ ಬಂದವರು

ಈಗ ಇದನ್ನ ತಿರುಗಿಸಿ ನೋಡ್ರಿ. ಜರ್ಮನರು ನಮ್ಮ ಭಾಷೆ ಹೆಂಗ ಕಲಿತರು?

ಆ ಭವನಕ್ಕೆ ಹೆಸರು ಕೊಟ್ಟ ಮ್ಯಾಕ್ಸ್ ಮುಲ್ಲರ್ ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಪಂಡಿತ. ಆದ್ರೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಕೆಲಸ ಮಾಡಿದ್ದು ಆಕ್ಸ್‌ಫರ್ಡಿನಲ್ಲಿ, ಕಲಿತದ್ದು ಗ್ರಂಥಗಳಿಂದ. ಸಂಸ್ಕೃತಕ್ಕೆ ಅದು ನಡೀತು.

ಕನ್ನಡಕ್ಕೆ ಅದು ನಡೆಯೋದಿಲ್ಲ ಅಂತ ತೋರಿಸಿದವರು ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ, ಅಂದ್ರೆ 21ನೆಯ ವಯಸ್ಸಿಗೆ, ಬಾಸೆಲ್ ಮಿಷನ್ ಕಡೆಯಿಂದ ಬಂದವರು. ಇದ್ದದ್ದು ಮಿಷನ್ನಿನ ಮನೆಗಳಲ್ಲಿ: ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ. ಕನ್ನಡದ ಕುಟುಂಬವೊಂದು ಅವರನ್ನು ಮಗನ ಹಂಗ ಇಟ್ಟುಕೊಳ್ಳುವ ಕಾಲ ಅದಲ್ಲ. ಬಿಳಿಯ ಪಾದ್ರಿಗೆ ಅಡಿಗೆಮನಿ ಬಾಗಿಲು ಮುಚ್ಚಿತ್ತು. ಹಂಗಂತ ಅವರು ಪುಸ್ತಕ ಹಿಡಿದು ಕೂಡಲಿಲ್ಲ. ಪಂಡಿತರನ್ನು ಕೇಳಿದರು, ಜನರ ಮಾತು ಆಲಿಸಿದರು, ಗಾದೆ ಕೂಡಿಸಿದರು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಸಿಕ್ಕರೆ ಒಮ್ಮೆ ತೆರೆದು ನೋಡ್ರಿ: ಎಷ್ಟೋ ಶಬ್ದಗಳ ಮುಂದೆ ಇದು ಮೈಸೂರು ಕಡೆಯದು, ಇದು 'ದಕ್ಷಿಣ ಮರಾಠಾ' ಸೀಮೆಯದು ಅಂತ ಗುರುತು ಇದೆ. ಆ ಸೀಮೆ ಅಂದ್ರೆ ಧಾರವಾಡ, ಬೆಳಗಾವಿ, ಅಂದ್ರೆ ನಾವು. ಮನಿಯೊಳಗ ಕರೆಯದಿದ್ದರೂ ನಮ್ಮ ಅಜ್ಜ ಮುತ್ತಜ್ಜರ ಮಾತನ್ನು ಕಟ್ಟೆಯ ಮೇಲೆ ಕೂತು ಬರೆದುಕೊಂಡ ಹಂಗ.

ಭಾಗ 4/8: ಏಳು ದಿನ, ಏಳು ಮನಿ

ನಮ್ಮವರೇ ಓದಲು ಪರವೂರಿಗೆ ಹೋದಾಗ? ಹಾಸ್ಟೆಲ್ ಇಲ್ಲದ ಕಾಲದಲ್ಲಿ ಬಡ ಹುಡುಗರಿಗೆ 'ವಾರಾನ್ನ' ಇತ್ತು. ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ, ಹಿಂಗ ವಾರದ ಏಳೂ ದಿನ ಹಂಚಿಕೊಂಡು ಉಣ್ಣೋದು. ಪುಣೆ ಕಡೆ ಇನ್ನೊಂದು ರೀತಿ 'ಮಾಧುಕರಿ': ಜೋಳಿಗೆ ಹಿಡಿದು ಮನಿ ಮನಿಗೆ ಹೋಗಿ ಅಡಿಗೆ ತಂದು ಉಣ್ಣೋದು. ಸಂಸ್ಕೃತ, ಇಂಗ್ಲಿಷ್ ಕಲಿತ ಎಷ್ಟೋ ಮಂದಿ ಹಿಂಗೇ ಕಲಿತರು.

ಕನ್ನಡದ ಹುಡುಗ ಮರಾಠಿ ಮನಿಯಲ್ಲಿ ಉಣ್ಣಲು ಕೂತನು ಅಂತ ಇಟ್ಟುಕೊಳ್ರಿ. ಆ ಮನಿಯ ಹುಡುಗ ತನ್ನ ಅಕ್ಕನನ್ನು 'ತಾಈ' ಅಂತ ಕೂಗ್ತಾನೆ. ಇವನ ಕಿವಿಗೆ ಅದು ತಾಯಿ! ತುಪ್ಪಕ್ಕೆ ಅವರು 'ತೂಪ್' ಅಂದಾಗ ಮಾತ್ರ ಅರೆ, ಇದು ನಮ್ಮದೇ ಅಂತ ಮುಖ ಅರಳ್ತದ. ಇಂಥ ಪಾಠ ಯಾವ ಶಾಲೆಯಲ್ಲೂ ಇಲ್ಲ.

ಆದ್ರೆ ಇದನ್ನ ಬರೀ ಸಿಹಿ ನೆನಪು ಮಾಡಿ ಬಿಡಬ್ಯಾಡ್ರಿ. ವಾರಾನ್ನದ ಬಾಗಿಲು ಜಾತಿ ನೋಡಿ ತೆರೀತಿತ್ತು. ಹೆಚ್ಚಾಗಿ ಅದು ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ಸಿಗ್ತಿದ್ದ ಸೌಕರ್ಯ. ರೈತರ ಮಕ್ಕಳು, ದಲಿತರ ಮಕ್ಕಳು ಎಲ್ಲಿ ಉಣ್ಣಬೇಕು? ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಮುಂದಕ್ಕೆ ಮರಾಠಾ, ಜೈನ, ಮುಸ್ಲಿಂ, ಲಿಂಗಾಯತ, ಅಸ್ಪೃಶ್ಯ ಅನ್ನಿಸಿಕೊಂಡವರ ಮಕ್ಕಳಿಗೆ ಬೋರ್ಡಿಂಗ್‌ಗಳು ಏಳುವಂತೆ ಜಾಗ, ಹಣ ಕೊಟ್ಟದ್ದು ಈ ಪ್ರಶ್ನೆಗೇ ಉತ್ತರ. ಬೋರ್ಡಿಂಗ್ ಹೊಟ್ಟೆ ತುಂಬಿಸಿತು, ಓದಿಸಿತು, ಸ್ವಾಭಿಮಾನ ಕೊಟ್ಟಿತು. ಆದ್ರೆ ಅಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಒಲಿ. ಒಬ್ಬರ ಅಡಿಗೆಮನಿ ಮಾತು ಇನ್ನೊಬ್ಬರಿಗೆ ಸಿಗಲಿಲ್ಲ.

ಭಾಗ 5/8: ಸದಲಗಾದ ಇಬ್ಬರು

ನಮ್ಮ ಮಗ್ಗುಲ ಸದಲಗಾ ಗೊತ್ತಲ್ಲ? ದೂಧಗಂಗಾ ದಂಡಿಯ ಊರು. ಭಾಷೆ ಕಲಿತವರ ಇತಿಹಾಸದಲ್ಲಿ ಅದಕ್ಕೆ ಎರಡು ದೊಡ್ಡ ಹೆಸರು.

ಒಬ್ಬರು ಡಾ. ಆ. ನೇ. ಉಪಾಧ್ಯೆ, ಹುಟ್ಟಿದ್ದು 1906ರಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದವರು, ಪ್ರಾಕೃತದ ಜಗತ್ಪ್ರಸಿದ್ಧ ವಿದ್ವಾಂಸರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ಯೋಚನೆ ಮಾಡ್ರಿ: ಪ್ರಾಕೃತವನ್ನು ಒಲಿ ಮುಂದ ಆಡುವ ಮನಿ ಇಡೀ ಜಗತ್ತಿನಲ್ಲೇ ಉಳಿದಿಲ್ಲ. ಅವರಿಗೆ ತಾಳೆಗರಿ, ಹಸ್ತಪ್ರತಿಗಳೇ ಆಶ್ರಯ ಕೊಟ್ಟ ಮನಿ. ಅವರು ಸಂಪಾದಿಸಿದ 'ಕುವಲಯಮಾಲಾ' ಕ್ರಿ.ಶ. 779ರ ಕಥೆ. ಅದರಲ್ಲೊಂದು ಮಾರುಕಟ್ಟೆ ಬರ್ತದ. ನಾನಾ ನಾಡಿನ ವ್ಯಾಪಾರಿಗಳು, ಒಬ್ಬೊಬ್ಬರದು ಒಂದೊಂದು ಮಾತು, ಕರ್ನಾಟಕದವರೂ ಇದ್ದಾರೆ, ಮಹಾರಾಷ್ಟ್ರದವರೂ ಇದ್ದಾರೆ. ಹನ್ನೆರಡು ನೂರು ವರ್ಷ ಹಿಂದಿನ ಸಂತಿ ಮಾತು!

ಇನ್ನೊಬ್ಬರು ಆಚಾರ್ಯ ವಿದ್ಯಾಸಾಗರ ಮಹಾರಾಜರು. 1946ರಲ್ಲಿ ಕನ್ನಡ ಮನಿಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಇಪ್ಪತ್ತರ ಆಸುಪಾಸಿನಲ್ಲಿ ರಾಜಸ್ಥಾನಕ್ಕೆ ಹೋದರು. ಗುರು ಜ್ಞಾನಸಾಗರರ ಹತ್ತಿರ ಕಲಿತು, 1968ರಲ್ಲಿ ಅಜಮೇರದಲ್ಲಿ ದೀಕ್ಷೆ ಪಡೆದರು. ದಿಗಂಬರ ಮುನಿಗಳ ಆಹಾರ ನಮ್ಮೂರಲ್ಲೂ ನೋಡಿರ್ತೀರಿ: ದಿನಕ್ಕೆ ಒಮ್ಮೆ, ಗೃಹಸ್ಥರ ಮನಿಯಲ್ಲಿ, ನಿಂತುಕೊಂಡು, ಅಂಗೈಯಲ್ಲಿ, ಮೌನವಾಗಿ. ಬಾಯಿಗೆ ಮೌನ ಇದ್ದರೂ ಕಿವಿಗೆ ಇಲ್ಲವಲ್ಲ! ಹಿಂದಿ ಸೀಮೆಯ ಎಷ್ಟು ಸಾವಿರ ಮನೆಗಳ ಮಾತು ಆ ಕಿವಿಗೆ ಬಿದ್ದಿರಬೇಕು. 1988ರಲ್ಲಿ ಈ ಕನ್ನಡಿಗರ ಹಿಂದಿ ಮಹಾಕಾವ್ಯ 'ಮೂಕಮಾಟಿ' ಪ್ರಕಟವಾಯಿತು. ಅದರ ನಾಯಕಿ ಯಾರು ಗೊತ್ತಾ? ಗಡಿಗೆ ಆಗುವ ಮಣ್ಣು.

ಭಾಗ 6/8: ಕುಪವಾಡದ ಅಚ್ಚರಿ

ಇಲ್ಲಿ ತನಕ ಒಬ್ಬೊಬ್ಬರ ಕಥೆ ಆಯ್ತು. ಒಂದು ಇಡೀ ಊರು ಶತಮಾನಗಟ್ಟಲೆ ಒಬ್ಬರ ಮಾತು ಒಬ್ಬರು ಕಲೀತಾ ಇದ್ದರೆ ಏನಾಗ್ತದ?

ಇದನ್ನ ಬರೆದವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್, 1971ರಲ್ಲಿ. ಗಂಪರ್ಜ್ ಕೂಡ ಜರ್ಮನಿಯಲ್ಲಿ ಹುಟ್ಟಿದವರೇ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ಯಹೂದಿ. ಅವರು ಆರಿಸಿದ ಊರು ಸಾಂಗಲಿ ಜಿಲ್ಲೆಯ ಕುಪವಾಡ. ಕಾಗವಾಡದಿಂದ ಮಿರಜ ದಾಟಿದರೆ ಸಿಗುವ ಊರು, ಆಗ ಸುಮಾರು 3,000 ಜನ. ಕನ್ನಡ, ಮರಾಠಿ, ಉರ್ದು, ತೆಲುಗು, ನಾಲ್ಕು ಭಾಷೆ. ಹೆಚ್ಚಿನ ಗಂಡಸರಿಗೆ ಒಂದಕ್ಕಿಂತ ಹೆಚ್ಚು ಬರ್ತಿದ್ದವು.

ಅವರು ಕಂಡದ್ದು ಏನು? ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವ್ಯಾಕರಣ ಒಂದರ ಮೇಲೊಂದು ಇಟ್ಟ ಹಂಗ ಹೊಂದಿಬಿಟ್ಟಿತ್ತು. ಉರ್ದುವಿನಲ್ಲಿ ನಿರ್ಜೀವ ವಸ್ತುವಿಗೂ ಗಂಡು-ಹೆಣ್ಣು ಭೇದ ಇರ್ತದ. ಕುಪವಾಡದಲ್ಲಿ ಆ ಭೇದ ಸಡಿಲಾಗಿ ಕನ್ನಡದ ರೀತಿಗೆ ವಾಲಿತ್ತು. ಒಂದು ಭಾಷೆಯ ವಾಕ್ಯದಲ್ಲಿ ಶಬ್ದ ತೆಗೆದು ಇನ್ನೊಂದರ ಶಬ್ದ ಇಟ್ಟರೆ ಸಾಕು, ಅನುವಾದ ತಯಾರ್.

ಆದ್ರೆ ಶಬ್ದಗಳು ಮಾತ್ರ ಬೇರೆ ಬೇರೆಯಾಗಿಯೇ ಉಳಿದಿದ್ದವು. ಯಾಕೆ ಪೂರಾ ಒಂದಾಗಲಿಲ್ಲ? ಅವರ ಉತ್ತರ ನಮಗೆ ಚುಚ್ಚಬೇಕು: ಹೊಲದಲ್ಲಿ, ಪೇಟೆಯಲ್ಲಿ ಎಲ್ಲರೂ ಕೂಡ್ತಿದ್ರು, ಆದ್ರೆ ಮನೆಯ ಬದುಕು ಸಮುದಾಯ ಸಮುದಾಯಕ್ಕೆ ಬೇರೆ. ಬೇರೆ ಗುಂಪಿನವರ ಮುಂದೆ ಮನಿ ಭಾಷೆ ಆಡೋದು ಕಡಿಮೆ, ನಡುವೆ ಮರಾಠಿ ಕೆಲಸ ಮಾಡ್ತಿತ್ತು. ಸಂತಿ ನೂರಾರು ವರ್ಷ ಕೂಡಿಸಿದ್ದನ್ನ ಒಲಿ ಬೇರೆ ಇಟ್ಟಿತ್ತು.

ಭಾಗ 7/8: ಲೆಕ್ಕಕ್ಕೆ ಬಾರದ ವಿದ್ಯಾರ್ಥಿನಿ

ಹಂಗಾದರೆ ಆ ಗೋಡೆ ದಾಟಿದವರೇ ಇಲ್ಲೇನು? ಇದ್ದಾರೆ. ನಿಮ್ಮ ಮನಿಯಲ್ಲೇ ಇರಬಹುದು. ಸೊಸಿ.

1956ರ ನವೆಂಬರ್ 1ಕ್ಕೆ ರಾಜ್ಯಗಳು ಬೇರೆಯಾದವು. ಅದಕ್ಕೂ ಮೊದಲು ಇತ್ತ ಚಿಕ್ಕೋಡಿ, ಅಥಣಿ, ಅತ್ತ ಕೊಲ್ಹಾಪುರ, ಸಾಂಗಲಿ ಎಲ್ಲಾ ಮುಂಬಯಿ ರಾಜ್ಯದೊಳಗೇ ಇದ್ದವು. ನಕಾಶೆಯಲ್ಲಿ ಗೆರೆ ಬಿತ್ತು, ಬೀಗತನಕ್ಕೆ ಗೆರೆ ಬೀಳಲಿಲ್ಲ. ಜೈನರು, ಲಿಂಗಾಯತರು, ಮುಸ್ಲಿಮರು, ಮರಾಠರು, ದಲಿತರು ಎಲ್ಲರೂ ತಮ್ಮ ತಮ್ಮೊಳಗ ಗಡಿ ದಾಟಿ ಹೆಣ್ಣು ಕೊಟ್ಟರು, ತಂದರು. ಜಾತಿ ಒಂದೇ, ಮನಿ ಮಾತು ಎಷ್ಟೋ ಸಲ ಬೇರೆ.

ಈಗ ಭಾಗ 2ರ ಓ ಪೇರ್ ಹುಡುಗಿಯನ್ನು ನೆನಪಿಸಿಕೊಳ್ರಿ. ಅವಳಿಗೆ ಎ1 ಸರ್ಟಿಫಿಕೇಟು, 30 ತಾಸಿನ ಮಿತಿ, ಸ್ವಂತ ಕೋಣೆ, ಕೈಖರ್ಚು, ವರ್ಷಕ್ಕೆ ಮುಗಿಯುವ ಕರಾರು. ಮರಾಠಿ ಮನಿಗೆ ಬಂದ ಕನ್ನಡದ ಸೊಸಿಗೆ, ಕನ್ನಡ ಮನಿಗೆ ಬಂದ ಮರಾಠಿ ಸೊಸಿಗೆ ಇದ್ಯಾವುದೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಪರೀಕ್ಷೆ. ಅತ್ತಿ ಹೇಳಿದ ಸಾಮಾನು ಯಾವುದು? ಮಾವ ಕೇಳಿದ್ದು ಚಹಾನೋ ನೀರೋ? 'ಭಾಕರಿ' ಅಂದ್ರೆ ನಮ್ಮ ರೊಟ್ಟಿಯೇ ಏನು? ತಪ್ಪಿದರೆ ನಗು, ಇಲ್ಲಾ ಬೈಗುಳ.

ಆಮೇಲೆ ಅವಳು ತನ್ನ ಮಕ್ಕಳಿಗೆ ಜೋಗುಳ ಯಾವ ಭಾಷೆಯಲ್ಲಿ ಹಾಡಿದಳು? ಸಿಟ್ಟು ಬಂದಾಗ ಯಾವ ಭಾಷೆ ಬಂತು? ನಮ್ಮ ಮಾತಿನಲ್ಲಿ ಕನ್ನಡ, ಮರಾಠಿ ಕಲಸಿದ್ದು ಬರೀ ಪೇಟೆಯಿಂದಲ್ಲ, ಇಂಥ ತೊಟ್ಟಿಲಿನಿಂದಲೂ. ಯಾರಾದರೂ ನಿಮ್ಮ ಕನ್ನಡ ಶುದ್ಧ ಇಲ್ಲ ಅಂತ ನಕ್ಕರೆ ನೆನಪಿಡ್ರಿ: ಆ ಕಲಬೆರಕೆಯಲ್ಲಿ ಯಾವಳೋ ಒಬ್ಬ ಹೆಣ್ಣುಮಗಳ ಹತ್ತು ವರ್ಷದ ಕಲಿಕೆ ಇದೆ. ಅವಳ ಹೆಸರು ಯಾವ ನಿಘಂಟಿನಲ್ಲೂ ಇಲ್ಲ.

ಭಾಗ 8/8: ಈಗ ನಮ್ಮ ಪಾಳಿ

ಹೋಸ್ಟ್ ಫ್ಯಾಮಿಲಿ ಅಂದ ಕೂಡಲೇ ನಾವು ವಿಮಾನ ಹತ್ತೋ ಕನಸು ಕಾಣ್ತೀವಿ. ಹೋಗ್ರಿ, ಖಂಡಿತ ಹೋಗ್ರಿ. ಆದ್ರೆ ನಾವೂ ಯಾರಿಗೋ ಪರದೇಶ ಅನ್ನೋದು ಮರೀಬ್ಯಾಡ್ರಿ.

ತುಮಕೂರು, ಹಾಸನ ಕಡೆಯಿಂದ ನಮ್ಮ ಭಾಗದ ಶಾಲೆಗಳಿಗೆ ಬರುವ ಸರ್, ಮೇಡಂ ಇರ್ತಾರೆ. ಅವರದೂ ಕನ್ನಡ, ನಮ್ಮದೂ ಕನ್ನಡ, ಆದರೂ ಮೊದಲ ತಿಂಗಳು ನಮ್ಮ ಅರ್ಧ ಮಾತು ಅವರ ತಲೆ ಮೇಲಿಂದ ಹೋಗ್ತದ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಅಡಿಗೆ ಮಾಡಿಕೊಂಡು ಇರ್ತಾರೆ. ಕಬ್ಬಿನ ಹಂಗಾಮು ಶುರುವಾದರೆ ಬೀಡ ಕಡೆಯಿಂದ ಕಡಿಯುವವರ ಗ್ಯಾಂಗ್ ಬರ್ತದ, ಹೊಲದ ದಂಡಿಗೆ ಗುಡಿಸಲು ಹಾಕ್ತದ. ಅವರ ಮಕ್ಕಳಿಗೆ ಕನ್ನಡ ಅಂದ್ರೆ ತೂಕ, ಟ್ರ್ಯಾಕ್ಟರು, ಬಾಕಿ ಹಣ. ಬರೀ ಸಂತಿ ಮಾತು. ಐದಾರು ತಿಂಗಳು ನಮ್ಮ ನಡುವೆ ಇದ್ದು, ಒಂದು ಮನಿಯ ಹೊಸ್ತಿಲೂ ದಾಟದೆ ವಾಪಸ್ ಹೋಗ್ತಾರೆ. ಕಿಟ್ಟೆಲ್‌ಗೆ ಮುಚ್ಚಿದ್ದ ಬಾಗಿಲು ಅವರಿಗೂ ಮುಚ್ಚೇ ಇದೆ.

ಇತಿಹಾಸ ಹೇಳೋದು ಇಷ್ಟೇ: ಭಾಷೆಗೆ ದೊಡ್ಡ ಅಡ್ಡಿ ವ್ಯಾಕರಣ ಅಲ್ಲ, ಹೊಸ್ತಿಲು. ವ್ಯಾಕರಣ ತಾನೇ ದಾರಿ ಹುಡುಕಿಕೊಳ್ತದ, ಅದಕ್ಕೆ ಕುಪವಾಡ ಸಾಕ್ಷಿ. ಹೊಸ್ತಿಲನ್ನು ಮಾತ್ರ ಯಾರಾದರೂ ಒಳಗಿನವರೇ ತೆರೀಬೇಕು.

ನಿಮ್ಮ ಕ್ಲಾಸಿನಲ್ಲಿ ಮನಿ ಮಾತು ಬೇರೆ ಇರುವ ಒಬ್ಬರು ಇದ್ದೇ ಇರ್ತಾರೆ. ಈ ಭಾನುವಾರ ಊಟಕ್ಕೆ ಕರೀರಿ. ಮಾತು ಬರಲಿಲ್ಲ ಅಂದ್ರೂ ನಡೀತದ, ಅಡಿಗೆಮನಿ ತನಕ ಬರಲಿ.

ಮತ್ತೆ ಕಾಮೆಂಟಿನಲ್ಲಿ ಬರೀರಿ: ನಿಮ್ಮ ಅಜ್ಜಿ ಇಲ್ಲ ಅವ್ವ ಮದುವೆಯಾಗಿ ಬಂದ ಮೇಲೆ ಕಲಿತ ಮೊದಲ ಶಬ್ದ ಯಾವುದು? ಗೊತ್ತಿಲ್ಲದಿದ್ದರೆ ಇವತ್ತೇ ಕೇಳ್ರಿ.